ಹನ್ನೆರಡು ಗಂಟೆ ಬಿಟ್ಟಿದ್ದ, ಆದ್ರೂ ಯಾಕೆ ಸಿಕ್ಕಿಬಿದ್ದ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ನನ್ನ ಅಕ್ಕನ ಮಗ ವಿಮಾನ ಕಂಪನಿಯೊಂದರಲ್ಲಿ ಕೋ-ಪೈಲಟ್. ಮನೆಯಲ್ಲಿ ಮದುವೆ ಮುಗಿದ ರಾತ್ರಿ ಹುಡುಗರೆಲ್ಲ ತೋಟದ ಮನೆಯಲ್ಲಿ ಸೇರಿ ಕುಡಿದರು. ಎಂಟಕ್ಕೆ ಶುರುವಾಗಿ ಹನ್ನೆರಡಕ್ಕೆ ಮುಗಿಯಿತು. ನಸುಕಿನಲ್ಲೇ ಕಾರಿನಲ್ಲಿ ಬೆಂಗಳೂರಿಗೆ ಹೊರಟ, ಡ್ರೈವರ್ ಇದ್ದ. ಮಧ್ಯಾಹ್ನ ಒಂದಕ್ಕೆ ಡ್ಯೂಟಿ. ಉಸಿರಿನ ಪರೀಕ್ಷೆಯಲ್ಲಿ ಪಾಸಿಟಿವ್ ಬಂತು. ಮೂರು ತಿಂಗಳು ಲೈಸೆನ್ಸ್ ಅಮಾನತು. ಮನೆಯವರು ‘ಎರಡೇ ಪೆಗ್ ಕುಡಿದಿದ್ದು, ಹನ್ನೆರಡು ಗಂಟೆ ಬಿಟ್ಟಿದ್ದ, ಇದು ಅನ್ಯಾಯ’ ಅಂತಾರೆ. ಬಸ್ ಡ್ರೈವರ್‌ಗೆ ಒಂದಷ್ಟು ವಿನಾಯಿತಿ ಇದೆಯಲ್ಲ, ಪೈಲಟ್‌ಗೆ ಯಾಕಿಲ್ಲ? ಇನ್ನೊಂದು ಮಾತು. ಅವನು ಈಚೆಗೆ ರಜೆಗೆ ಬಂದಾಗೆಲ್ಲ ದಿನಾ ಕುಡಿಯುತ್ತಾನೆ. ನನಗೆ ಗೊತ್ತು, ಯಾರಿಗೂ ಹೇಳಿಲ್ಲ. ಹೇಳಿದರೆ ಅವನ ಬದುಕು ಹಾಳಾಗುತ್ತಾ?

ಉತ್ತರ: ಮೊದಲು ಲೆಕ್ಕ ಮಾಡಿ ನೋಡೋಣ. ನಿಮ್ಮ ಅಕ್ಕನ ಮನೆಯವರಿಗೆ ಬೇಜಾರಾಗಬಹುದು. ಆದರೆ ಮನೆಯಲ್ಲಿ ಪೈಲಟ್ ಇರುವವರಿಗೆ ಈ ಲೆಕ್ಕ ಗೊತ್ತಿರಲೇಬೇಕು.

ನಮ್ಮಲ್ಲಿ ಸಿಗುವ ವಿಸ್ಕಿ, ಬ್ರಾಂದಿ, ರಮ್‌ನಲ್ಲಿ ಸಾಮಾನ್ಯವಾಗಿ ಶೇ 42.8ರಷ್ಟು ಆಲ್ಕೋಹಾಲ್ ಇರುತ್ತದೆ. ಬಾಟಲಿಯ ಮೇಲೇ ಬರೆದಿರುತ್ತದೆ. 60 ಎಂಎಲ್‌ನ ಒಂದು ಪೆಗ್‌ನಲ್ಲಿ ಸುಮಾರು 20 ಗ್ರಾಂ ಆಲ್ಕೋಹಾಲ್ ಬಂತು. 70 ಕೆಜಿ ತೂಕದ ಗಂಡಸಿನಲ್ಲಿ ಇಷ್ಟು ಒಳಗೆ ಹೋದರೆ 100 ಎಂಎಲ್ ರಕ್ತದಲ್ಲಿ ಹತ್ತಿರ ಹತ್ತಿರ 40 ಮಿಲಿಗ್ರಾಂ ಸೇರುತ್ತದೆ. ಲಿವರ್ ಅದನ್ನು ಗಂಟೆಗೆ ಸುಮಾರು 15 ಮಿಲಿಗ್ರಾಂನಂತೆ ಇಳಿಸುತ್ತಾ ಹೋಗುತ್ತದೆ. ಲಿವರ್‌ಗೆ ಅವಸರ ಮಾಡಿಸಲು ಆಗುವುದಿಲ್ಲ. ಮಜ್ಜಿಗೆ, ನಿಂಬೆ ಶರಬತ್ತು, ಸ್ಟ್ರಾಂಗ್ ಕಾಫಿ, ತಣ್ಣೀರು ಸ್ನಾನ, ಯಾವುದರಿಂದಲೂ ಅದರ ವೇಗ ಹೆಚ್ಚಾಗುವುದಿಲ್ಲ. ಕಾಫಿ ಕುಡಿದರೆ ಕಣ್ಣು ಬಿಟ್ಟಿರುತ್ತೀರಿ, ಅಷ್ಟೇ.

ಈಗ ಎರಡು ಪೆಗ್ ಅನ್ನಿ. 80ರಿಂದ 85 ಮಿಲಿಗ್ರಾಂ. ಎಂಟು ಗಂಟೆಗೆ ಶುರು ಮಾಡಿದ್ದರೆ ರಾತ್ರಿ ಎರಡರ ಹೊತ್ತಿಗೆ ಖಾಲಿ. ಅವನ ಲಿವರ್ ತುಂಬಾ ನಿಧಾನ, ಗಂಟೆಗೆ 10 ಮಾತ್ರ ಇಳಿಸುತ್ತದೆ ಅಂತಲೇ ಇಟ್ಟುಕೊಳ್ಳಿ. ಆಗಲೂ ಬೆಳಗ್ಗೆ ಐದಕ್ಕೆ ಮುಗಿಯಬೇಕು. ಮಧ್ಯಾಹ್ನ ಒಂದಕ್ಕೆ ಎರಡು ಪೆಗ್ ಉಳಿದಿರುವುದು ಸಾಧ್ಯವೇ ಇಲ್ಲ.

ಹಾಗಾದರೆ ಎಷ್ಟು ಕುಡಿದರೆ ಉಳಿಯುತ್ತದೆ? 375 ಎಂಎಲ್, ಅಂದರೆ ಹಾಫ್ ಬಾಟಲ್. ಅದರಲ್ಲಿ 125 ಗ್ರಾಂಗಿಂತ ಜಾಸ್ತಿ ಆಲ್ಕೋಹಾಲ್ ಇದೆ. ಅದೇ ಮೈಕಟ್ಟಿನ ಗಂಡಸಿಗೆ ಅದು ಪೂರ್ತಿ ಇಳಿಯಲು 17 ಗಂಟೆಗೂ ಜಾಸ್ತಿ ಬೇಕು. ಎಂಟಕ್ಕೆ ಶುರು ಮಾಡಿದವನಲ್ಲಿ ಮರುದಿನ ಮಧ್ಯಾಹ್ನ ಒಂದಕ್ಕೂ ಸ್ವಲ್ಪ ಇರುತ್ತದೆ. ನಿಮ್ಮ ಅಳಿಯ ಹಾಫ್ ಹತ್ತಿರ ಕುಡಿದಿರಬೇಕು, ಇಲ್ಲ ಬೆಳಗ್ಗೆ ಹೊರಡುವಾಗ ತಲೆನೋವಿಗೆ ಅಂತ ಮತ್ತೆ ಸ್ವಲ್ಪ ತಗೊಂಡಿರಬೇಕು. ಎರಡನೆಯದೇ ನಿಜವಾಗಿದ್ದರೆ ನನಗೆ ಆತಂಕ ಜಾಸ್ತಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಯಂತ್ರವೇ ತಪ್ಪು ತೋರಿಸಿರಬಹುದಲ್ಲ ಅಂತ ಕೇಳುವವರಿದ್ದಾರೆ. ಕೇಳಲೇಬೇಕಾದ ಪ್ರಶ್ನೆ ಅದು. ಬಾಯಲ್ಲಿ ಆಲ್ಕೋಹಾಲ್ ಇದ್ದರೂ ಯಂತ್ರ ಹಿಡಿಯುತ್ತದೆ. ಮೌತ್‌ವಾಶ್ ಇರಬಹುದು, ಕೆಲವು ಕೆಮ್ಮಿನ ಸಿರಪ್ ಇರಬಹುದು. ನಮ್ಮ ಕಡೆ ಮನೆಮನೆಯಲ್ಲೂ ಇರುವ ದಶಮೂಲಾರಿಷ್ಟ, ಅಶ್ವಗಂಧಾರಿಷ್ಟವೂ ಅಷ್ಟೇ. ಅರಿಷ್ಟ, ಆಸವಗಳನ್ನು ಹುದುಗು ಬರಿಸಿಯೇ ಮಾಡುವುದು, ಅದರಲ್ಲಿ ತಾನಾಗಿ ಹುಟ್ಟಿದ ಆಲ್ಕೋಹಾಲ್ ಇರುತ್ತದೆ. 2025ರಲ್ಲಿ ಕೇರಳದ ಪಂದಳಂ ಬಸ್ ಡಿಪೋದಲ್ಲಿ ಡ್ರೈವರ್‌ಗಳು ಚೆನ್ನಾಗಿ ಕಳಿತ ಹಲಸಿನ ಹಣ್ಣು ತಿಂದು ಪರೀಕ್ಷೆಯಲ್ಲಿ ಪಾಸಿಟಿವ್ ಆಗಿದ್ದು ಸುದ್ದಿಯಾಗಿತ್ತು. ಮಲೆನಾಡಿನವರಿಗೆ ಇದು ನಂಬಲಾಗದ ವಿಷಯ ಏನಲ್ಲ. ಆದರೆ ಬಾಯಲ್ಲಿನ ಆಲ್ಕೋಹಾಲ್ ಬಾಯಿ ತೊಳೆದು ಸ್ವಲ್ಪ ಹೊತ್ತು ಬಿಟ್ಟರೆ ಹೋಗಿಬಿಡುತ್ತದೆ. ರಕ್ತದಿಂದ ಶ್ವಾಸಕೋಶಕ್ಕೆ ಬಂದಿದ್ದು ಹಾಗೆ ಹೋಗುವುದಿಲ್ಲ. ಅದಕ್ಕೇ ಮೊದಲ ಸಲ ಪಾಸಿಟಿವ್ ಬಂದರೆ ಮುಖ, ಬಾಯಿ ತೊಳೆಸಿ, ಸ್ವಲ್ಪ ಸಮಯ ಕೊಟ್ಟು, ಎರಡನೇ ಸಲ ಊದಿಸುತ್ತಾರೆ.

ಪರೀಕ್ಷೆ ಹೇಗೆ ನಡೆಯುತ್ತದೆ ಅಂತ ಮನೆಯವರಿಗೆ ವಿವರಿಸಿ. ಡಾಕ್ಟರ್ ಅಥವಾ ತರಬೇತಿ ಪಡೆದ ಸಿಬ್ಬಂದಿ ಇರುತ್ತಾರೆ. ಮೊದಲು ಯಾರೂ ಊದದೆ ಬರೀ ಗಾಳಿಯಲ್ಲಿ ಯಂತ್ರ ಓಡಿಸುತ್ತಾರೆ. ಅದು 0.000 ತೋರಿಸಬೇಕು, ಆಮೇಲೆಯೇ ಪೈಲಟ್‌ನ ಸರದಿ. ಸಣ್ಣ ಕೊಳವೆಗೆ ಬಾಯಿಟ್ಟು ಒಂದೇ ಉಸಿರಲ್ಲಿ ಕೊನೆಯವರೆಗೂ ಊದಬೇಕು. ಶ್ವಾಸಕೋಶದ ಆಳದ ಗಾಳಿ ಬರಬೇಕು ಅನ್ನುವುದು ಉದ್ದೇಶ. ಕ್ಯಾಮೆರಾದಲ್ಲಿ ದಾಖಲಾಗುತ್ತದೆ. ಫಲಿತಾಂಶ ದಶಮಾಂಶದ ಮೂರು ಸ್ಥಾನದವರೆಗೆ ಬರುತ್ತದೆ, ಪೈಲಟ್‌ಗೂ ಅದೇ 0.000 ಬರಬೇಕು. ಊದುವುದಿಲ್ಲ ಅಂತ ಹಟ ಹಿಡಿದರೂ, ತಪ್ಪಿಸಿಕೊಂಡು ಹೋದರೂ ಶಿಕ್ಷೆ ಇದೆ. ದೇಶದೊಳಗಿನ ಹಾರಾಟದಲ್ಲಿ ಆ ದಿನದ ಡ್ಯೂಟಿಯ ಮೊದಲ ವಿಮಾನಕ್ಕೆ ಮುಂಚೆ ಪರೀಕ್ಷೆ ಆಗಬೇಕು. ಬೆಂಗಳೂರಿನಿಂದ ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣಕ್ಕೆ ಬಂದು ಅದೇ ವಿಮಾನದಲ್ಲಿ ವಾಪಸ್ ಹೋಗುವ ಪೈಲಟ್ ಸಾಮಾನ್ಯವಾಗಿ ಬೆಂಗಳೂರಿನಲ್ಲೇ ಊದಿ ಬಂದಿರುತ್ತಾನೆ.

ಇನ್ನು ಹನ್ನೆರಡು ಗಂಟೆಯ ವಿಷಯ. 1937ರ ವಿಮಾನ ನಿಯಮಗಳ 24ನೇ ನಿಯಮ ಹೇಳುವುದು ಇಷ್ಟು: ಹಾರಾಟ ಶುರುವಾಗುವ ಮುಂಚಿನ 12 ಗಂಟೆಯಲ್ಲಿ ಮದ್ಯ ಮುಟ್ಟಿರಬಾರದು. ಅದರ ಜೊತೆಗೇ ಉಸಿರಿನಲ್ಲಿ ಏನೂ ಇರಬಾರದು ಅಂತಲೂ ವಿಮಾನಯಾನದ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಡಿಜಿಸಿಎ ಕಟ್ಟುನಿಟ್ಟು ಮಾಡಿದೆ. ಎರಡೂ ಪಾಲಿಸಬೇಕು. ಸಂಜೆ ಜಾಸ್ತಿ ಕುಡಿದವನಿಗೆ 12 ಗಂಟೆ ಸಾಲುವುದಿಲ್ಲ ಅಂತ ಮೇಲಿನ ಲೆಕ್ಕವೇ ಹೇಳುತ್ತದೆ. ಸಿಕ್ಕಿಬಿದ್ದರೆ ಮೊದಲ ಸಲ 3 ತಿಂಗಳು, ಎರಡನೇ ಸಲ 3 ವರ್ಷ, ಮೂರನೇ ಸಲ ಲೈಸೆನ್ಸ್ ರದ್ದು. ದೊಡ್ಡವರು ಅಂತ ಬಿಟ್ಟಿದ್ದೂ ಇಲ್ಲ. 2018ರ ನವೆಂಬರ್‌ನಲ್ಲಿ ಏರ್ ಇಂಡಿಯಾದ ಕಾರ್ಯಾಚರಣೆ ನಿರ್ದೇಶಕರೇ ದೆಹಲಿಯಿಂದ ಲಂಡನ್ನಿಗೆ ಹೊರಡುವ ಮುಂಚೆ ಫೇಲ್ ಆದರು. ಅದು ಎರಡನೇ ಸಲ ಆದ್ದರಿಂದ 3 ವರ್ಷ ಲೈಸೆನ್ಸ್ ಹೋಯಿತು, ಹುದ್ದೆಯೂ ಹೋಯಿತು.

ಬಸ್ ಡ್ರೈವರ್‌ಗೆ ವಿನಾಯಿತಿ ಇದೆಯಲ್ಲ ಅಂತ ಕೇಳಿದ್ದೀರಿ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಅಪರಾಧ. ಬೇರೆ ದೇಶಗಳಲ್ಲಿ ಪೈಲಟ್‌ಗೂ ಒಂದು ಮಿತಿ ಇದೆ. ಅಮೆರಿಕದಲ್ಲಿ ಕುಡಿದು 8 ಗಂಟೆ ಕಳೆದಿರಬೇಕು, ರಕ್ತದಲ್ಲಿ 40 ಮಿಲಿಗ್ರಾಂಗಿಂತ ಕಡಿಮೆ ಇರಬೇಕು. ಬ್ರಿಟನ್‌ನಲ್ಲಿ ಮಿತಿ 20. ನಮ್ಮ ಸೊನ್ನೆ ಜಗತ್ತಿನಲ್ಲೇ ಬಿಗಿಯಾದ ನಿಯಮಗಳಲ್ಲಿ ಒಂದು. ಇದು ಅತಿಯಾಯಿತು ಅಂತ ಪೈಲಟ್‌ಗಳು ನನ್ನ ಹತ್ತಿರ ವಾದ ಮಾಡಿದ್ದಾರೆ. ವಿಮಾನ ಸಿಬ್ಬಂದಿಯ ಆರೋಗ್ಯ ತಪಾಸಣೆ ಮಾಡುವ ವೈದ್ಯನಾಗಿ ನಾನು ಸೊನ್ನೆಯ ಪರ. ಕಾರಣ ಕಿವಿಯೊಳಗಿದೆ.

ನಮ್ಮ ಒಳಕಿವಿಯಲ್ಲಿ ಅರ್ಧ ಬಳೆಯಂಥ ಮೂರು ಕೊಳವೆಗಳಿವೆ. ಒಳಗೆ ದ್ರವ ತುಂಬಿರುತ್ತದೆ. ಪ್ರತಿಯೊಂದರ ಬುಡದಲ್ಲಿ ಲೋಳೆಯಂಥ ಒಂದು ಪರದೆ. ತಲೆ ತಿರುಗಿಸಿದರೆ ದ್ರವ ಪರದೆಯನ್ನು ತಳ್ಳುತ್ತದೆ, ಮೆದುಳಿಗೆ ತಿರುಗಿದ್ದು ಗೊತ್ತಾಗುತ್ತದೆ. ದ್ರವ ಮತ್ತು ಪರದೆ ಎರಡರ ತೂಕವೂ ಸಮ ಇದ್ದರೆ ಎಲ್ಲ ಸರಿ. ಕುಡಿದಾಗ ಆಲ್ಕೋಹಾಲ್ ಮೊದಲು ಪರದೆಗೆ ಇಳಿಯುತ್ತದೆ, ರಕ್ತನಾಳ ಹತ್ತಿರ ಇರುವುದರಿಂದ. ಆಲ್ಕೋಹಾಲ್ ನೀರಿಗಿಂತ ಹಗುರ. ಪರದೆ ಹಗುರವಾಗಿ ತಾನೇ ಬಾಗುತ್ತದೆ. ಜಾಸ್ತಿ ಕುಡಿದು ಮಲಗಿದವನಿಗೆ ಮಂಚವೇ ಸುತ್ತುತ್ತಿದೆ ಅನಿಸುವುದು ಇದಕ್ಕೇ. ಮುಖ್ಯವಾದದ್ದು ಇನ್ನು ಮುಂದೆ ಇದೆ. ಇಳಿಯುವಾಗ ಪರದೆಯಿಂದ ಮೊದಲು ಹೋಗುತ್ತದೆ, ದ್ರವದಲ್ಲಿ ಉಳಿದಿರುತ್ತದೆ. ಈಗ ಪರದೆಯೇ ಭಾರ. ಎಲ್ಲ ಉಲ್ಟಾ. ರಕ್ತದಲ್ಲಿ ಸೊನ್ನೆ ಆದ ಮೇಲೂ ಈ ಏರುಪೇರು ಗಂಟೆಗಟ್ಟಲೆ ಇರುತ್ತದೆ.

ನೆಲದ ಮೇಲೆ ಓಡಾಡುವಾಗ ಇದು ಅಷ್ಟು ಗೊತ್ತಾಗುವುದಿಲ್ಲ. ಕಣ್ಣು ನೆಲ, ಮರ, ಗೋಡೆ ನೋಡಿ ಸರಿ ಮಾಡಿಕೊಳ್ಳುತ್ತದೆ. ಜುಲೈ ತಿಂಗಳಲ್ಲಿ ಮಲೆನಾಡಿನ ಮೇಲೆ ವಿಮಾನ ಇಳಿಸುವವನಿಗೆ ಕಿಟಕಿಯಲ್ಲಿ ಏನು ಕಾಣುತ್ತದೆ? ಬಿಳಿ ಮೋಡ, ನೀರು. ಯಾವುದು ಮೇಲೆ, ಯಾವುದು ಕೆಳಗೆ ಅಂತ ಹೇಳಲು ಒಂದು ಗೆರೆಯೂ ಇಲ್ಲ. ಒಳಕಿವಿ ಎಡಕ್ಕೆ ವಾಲಿದ್ದೀಯ ಅನ್ನುತ್ತದೆ, ಎದುರಿನ ಯಂತ್ರ ನೆಟ್ಟಗಿದ್ದೀಯ ಅನ್ನುತ್ತದೆ. ಪೂರ್ತಿ ಎಚ್ಚರ ಇರುವವನಿಗೇ ಆಗ ಕಿವಿಯ ಮಾತು ಬಿಟ್ಟು ಯಂತ್ರವನ್ನು ನಂಬುವುದು ಕಷ್ಟ. ಆಗುಂಬೆ ಘಾಟಿಯಲ್ಲಿ ಮಂಜು ಕವಿದರೆ ಬಸ್ ಡ್ರೈವರ್ ಪಕ್ಕಕ್ಕೆ ನಿಲ್ಲಿಸಬಹುದು. ಪೈಲಟ್‌ಗೆ ಆ ದಾರಿ ಇಲ್ಲ. ಜೊತೆಗೆ ವಿಮಾನದೊಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿದ್ದಷ್ಟಿರುತ್ತದೆ. ಆಮ್ಲಜನಕ ಕಡಿಮೆ, ನಿದ್ದೆಗೆಟ್ಟ ಮೆದುಳಿಗೆ ಅದೂ ಒಂದು ಹೊರೆ.

ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. 1986ರಲ್ಲಿ ಪ್ರಕಟವಾದ ಅಧ್ಯಯನ ಅದು. ಅಮೆರಿಕದ ನೌಕಾಪಡೆಯ 10 ಪೈಲಟ್‌ಗಳಿಗೆ ರಕ್ತದಲ್ಲಿ 100 ಮಿಲಿಗ್ರಾಂ ಆಗುವಷ್ಟು ಕುಡಿಸಿ, 14 ಗಂಟೆ ಬಿಟ್ಟು ಸಿಮ್ಯುಲೇಟರ್‌ನಲ್ಲಿ ಕೂರಿಸಿದರು. ಅಷ್ಟು ಹೊತ್ತಿಗೆ ರಕ್ತದಲ್ಲಿ ಏನೂ ಇಲ್ಲದಂತಾಗಿತ್ತು. ಆದರೂ ಹಾರಾಟದಲ್ಲಿ ತಪ್ಪುಗಳು ಜಾಸ್ತಿ ಆದವು. ನಿಮ್ಮ ಅಳಿಯ ಆ ರಾತ್ರಿ ನಾಲ್ಕೈದು ಗಂಟೆ ಮಲಗಿದ್ದರೆ ಹೆಚ್ಚು. ಯಂತ್ರ ಸೊನ್ನೆ ತೋರಿಸಿದ್ದರೂ ಅವತ್ತು ಅವನು ಹಾರಬಾರದಿತ್ತು. ಬೆಳಗ್ಗೆ ಒಂದು ಫೋನ್ ಮಾಡಿ ‘ನಾನು ಇವತ್ತು ಅನ್‌ಫಿಟ್’ ಅಂತ ಹೇಳಿದ್ದರೆ ಸಾಕಿತ್ತು. ಅದು ಅವನ ಹಕ್ಕು, ಕರ್ತವ್ಯ ಕೂಡ.

ಪಕ್ಕದಲ್ಲಿ ಇನ್ನೊಬ್ಬ ಪೈಲಟ್ ಇರುತ್ತಾನಲ್ಲ ಅಂತ ಧೈರ್ಯ ತಗೊಳ್ಳುವವರಿದ್ದಾರೆ. 1961ರ ಜನವರಿ 3ರಂದು ಫಿನ್ಲೆಂಡ್‌ನಲ್ಲಿ ಬಿದ್ದ ವಿಮಾನದಲ್ಲಿ ಇಬ್ಬರೂ ಪೈಲಟ್‌ಗಳು ಕುಡಿದಿದ್ದರು. 25 ಜನ ಸತ್ತರು, ಒಬ್ಬರೂ ಉಳಿಯಲಿಲ್ಲ. 1990ರ ಮಾರ್ಚ್‌ನಲ್ಲಿ ಅಮೆರಿಕದ ನಾರ್ತ್‌ವೆಸ್ಟ್ ಕಂಪನಿಯ ಬೋಯಿಂಗ್ 727ರ ಕಾಕ್‌ಪಿಟ್‌ನಲ್ಲಿದ್ದ ಮೂವರು ಸಿಬ್ಬಂದಿಯೂ ಹಿಂದಿನ ರಾತ್ರಿ ಕುಡಿದು ಬಂದಿದ್ದರು. ವಿಮಾನ ಸುರಕ್ಷಿತವಾಗಿ ಇಳಿಯಿತು, ಮೂವರೂ ಜೈಲಿಗೆ ಹೋದರು. ಇದು ಸುಮ್ನೆ ಕಾಕತಾಳೀಯ ಅಲ್ಲ. ಒಟ್ಟಿಗೆ ಹಾರುವವರು ಒಂದೇ ಹೋಟೆಲಿನಲ್ಲಿ ಇಳಿಯುತ್ತಾರೆ, ಒಟ್ಟಿಗೆ ಊಟಕ್ಕೆ ಹೋಗುತ್ತಾರೆ. ಒಬ್ಬ ಕುಡಿದ ರಾತ್ರಿ ಇನ್ನೊಬ್ಬನೂ ಕುಡಿದಿರುವ ಸಾಧ್ಯತೆ ಜಾಸ್ತಿ. ಕುಡಿಯದೇ ಇದ್ದವನೂ ಹಿರಿಯ ಕ್ಯಾಪ್ಟನ್ ಎದುರು ಬಾಯಿ ಬಿಡಲು ಹೆದರುತ್ತಾನೆ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ನನ್ನ ಪ್ರಕಾರ ಅದೇ ನಿಮ್ಮ ನಿಜವಾದ ಪ್ರಶ್ನೆ.

1977ರ ಜನವರಿ 13ರಂದು ಅಲಾಸ್ಕದ ಆಂಕರೇಜ್‌ನಲ್ಲಿ ಜಪಾನ್ ಏರ್‌ಲೈನ್ಸ್‌ನ ಸರಕು ವಿಮಾನ ಏರಿದ ತಕ್ಷಣ ಬಿತ್ತು. ಅದರಲ್ಲಿ ಹಸುಗಳನ್ನು ಸಾಗಿಸುತ್ತಿದ್ದರು. ಒಳಗಿದ್ದ ಐವರೂ ಸತ್ತರು. ಕ್ಯಾಪ್ಟನ್ ರಕ್ತದಲ್ಲಿ 100 ಎಂಎಲ್‌ಗೆ 298 ಮಿಲಿಗ್ರಾಂ ಆಲ್ಕೋಹಾಲ್ ಇತ್ತು. ಅವರನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟ ಟ್ಯಾಕ್ಸಿ ಡ್ರೈವರ್‌ಗೆ ಮೊದಲೇ ಗೊತ್ತಾಗಿತ್ತು. ಮುಖ ಕೆಂಪಗಿದೆ, ಕಣ್ಣು ನಿಂತಿದೆ, ಕಾರಿಂದ ಇಳಿಯಲು ತಡವರಿಸುತ್ತಿದ್ದಾನೆ ಅಂತ ಗಮನಿಸಿ ತನ್ನ ಕಚೇರಿಗೆ ತಿಳಿಸಿದ. ಅಲ್ಲಿಂದ ವಿಮಾನದ ಕೆಲಸ ನೋಡಿಕೊಳ್ಳುತ್ತಿದ್ದ ಕಂಪನಿಗೆ ಫೋನೂ ಹೋಯಿತು. ವಿಮಾನ ಮಾತ್ರ ನಿಲ್ಲಲಿಲ್ಲ. ಜೊತೆಗಿದ್ದ ಸಿಬ್ಬಂದಿಯೂ ಅವನನ್ನು ತಡೆಯಲಿಲ್ಲ. ಕ್ಯಾಪ್ಟನ್‌ನ ಪರಿಚಯವೇ ಇಲ್ಲದ ಆ ಟ್ಯಾಕ್ಸಿಯವನು ತನ್ನ ಕೆಲಸ ಮಾಡಿದ್ದ. ಅದಕ್ಕೇ ಈ ಘಟನೆಯನ್ನು ನಾನು ಪೈಲಟ್‌ಗಳಿಗಿಂತ ಜಾಸ್ತಿ ಅವರ ಮನೆಯವರಿಗೆ ಹೇಳುತ್ತೇನೆ.

ಪೈಲಟ್ ಕುಡಿಯುವುದು ಮೊದಲು ಗೊತ್ತಾಗುವುದು ಹೆಂಡತಿಗೆ, ಅಮ್ಮನಿಗೆ, ಮಾವನಿಗೆ. ಯಂತ್ರಕ್ಕೆ ಗೊತ್ತಾಗುವುದು ತುಂಬಾ ತಡವಾಗಿ. ಆರೋಗ್ಯ ತಪಾಸಣೆಯ ಫಾರ್ಮಿನಲ್ಲಿ ಕುಡಿತದ ಬಗ್ಗೆ ಪ್ರಶ್ನೆ ಇದೆ, ಉತ್ತರ ಬರೆದು ಸಹಿ ಹಾಕಬೇಕು. ‘ಅಪರೂಪಕ್ಕೆ’ ಅಂತ ಬರೆದಿದ್ದನ್ನು ನಾನು ಎಷ್ಟು ಸಲ ಓದಿದ್ದೇನೋ. ಎದುರಿಗೆ ಕೂತವನ ಮಾತು ಬಿಟ್ಟರೆ ನಮಗೆ ಬೇರೆ ದಾರಿ ಕಡಿಮೆ. ರಕ್ತ ಪರೀಕ್ಷೆಯಲ್ಲಿ ಲಿವರ್‌ನ ಏರುಪೇರು ಕಾಣುವ ಹೊತ್ತಿಗೆ ಎಷ್ಟೋ ಕಾಲ ಆಗಿರುತ್ತದೆ.

ಹೇಳಿದರೆ ಬದುಕು ಹಾಳಾಗುತ್ತಾ ಅಂತ ಕೇಳಿದ್ದೀರಿ. ನಾರ್ತ್‌ವೆಸ್ಟ್‌ನ ಆ ಕ್ಯಾಪ್ಟನ್ ಹೆಸರು ಲೈಲ್ ಪ್ರೌಸ್. ಕೆಲಸ ಹೋಯಿತು, ಲೈಸೆನ್ಸ್ ಹೋಯಿತು, ಜೈಲಾಯಿತು. ಆತ ಚಿಕಿತ್ಸೆ ಪಡೆದು ಕುಡಿತ ಬಿಟ್ಟ. ಎಲ್ಲ ಲೈಸೆನ್ಸ್‌ಗಳನ್ನೂ ಮೊದಲಿಂದ ಮತ್ತೆ ಗಳಿಸಿದ. ಅದೇ ಕಂಪನಿ ಅವನನ್ನು ವಾಪಸ್ ಕರೆಯಿತು, ಬೋಯಿಂಗ್ 747ರ ಕ್ಯಾಪ್ಟನ್ ಆಗಿ ನಿವೃತ್ತನಾದ. ಅಮೆರಿಕದಲ್ಲಿ 1970ರ ದಶಕದಿಂದ ಪೈಲಟ್ ಸಂಘ, ಕಂಪನಿಗಳು, ಸರ್ಕಾರ ಸೇರಿ ನಡೆಸುವ ಹಿಮ್ಸ್ ಅನ್ನುವ ಕಾರ್ಯಕ್ರಮ ಇದೆ. ಚಿಕಿತ್ಸೆ, ಆಮೇಲೆ ವರ್ಷಗಟ್ಟಲೆ ನಿಗಾ, ನಂತರ ಕೆಲಸ. ಸಾವಿರಾರು ಪೈಲಟ್‌ಗಳು ಆ ದಾರಿಯಲ್ಲಿ ವಾಪಸ್ ಬಂದಿದ್ದಾರೆ. ನಮ್ಮಲ್ಲಿ ಶಿಕ್ಷೆಯ ಮೆಟ್ಟಿಲು ಸ್ಪಷ್ಟವಾಗಿದೆ, ವಾಪಸ್ ಬರುವ ಮೆಟ್ಟಿಲು ಅಷ್ಟು ಗಟ್ಟಿಯಾಗಿಲ್ಲ. 2023ರಲ್ಲಿ ಡಿಜಿಸಿಎ ಮಾನಸಿಕ ಆರೋಗ್ಯದ ಸುತ್ತೋಲೆಯಲ್ಲಿ ಪೈಲಟ್‌ಗಳೇ ಪೈಲಟ್‌ಗಳಿಗೆ ನೆರವಾಗುವ ವ್ಯವಸ್ಥೆ ಬೇಕು ಅಂತ ಹೇಳಿದೆ. ಒಳ್ಳೆಯ ಹೆಜ್ಜೆ. ಸೊನ್ನೆಯ ನಿಯಮ ಸಡಿಲ ಮಾಡಬೇಡಿ, ತಾನಾಗಿ ಬಂದು ಹೇಳಿದವನಿಗೆ ಮಾತ್ರ ಚಿಕಿತ್ಸೆಯ ದಾರಿ ತೆರೆದಿಡಿ ಅಂತ ನಾನು ಹೋದಲ್ಲೆಲ್ಲ ಹೇಳುತ್ತಿದ್ದೇನೆ. ಈಗ ಬಾಯಿ ಬಿಟ್ಟರೆ ಕೆಲಸ ಹೋಗುತ್ತೆ ಅನ್ನುವ ಭಯದಲ್ಲೇ ಎಲ್ಲರೂ ಮುಚ್ಚಿಡುತ್ತಾರೆ.

ನೀವು ಮಾಡಬೇಕಾದದ್ದು ಹೇಳುತ್ತೇನೆ. ಅವನನ್ನು ಒಬ್ಬನನ್ನೇ ಕೂರಿಸಿಕೊಂಡು ಮಾತಾಡಿ, ಅವನು ಕುಡಿಯದೇ ಇರುವ ಹೊತ್ತಿನಲ್ಲಿ. ‘ಎಷ್ಟು ಕುಡಿಯುತ್ತೀಯ’ ಅಂತ ಕೇಳಬೇಡಿ, ಸುಳ್ಳು ಬರುತ್ತದೆ. ನೀವು ಕಣ್ಣಾರೆ ನೋಡಿದ್ದನ್ನು ಹೇಳಿ. ಯಾವ ದಿನ, ಯಾವ ಹೊತ್ತು, ಎಷ್ಟು. ಬೆಳಗ್ಗೆ ಎದ್ದ ತಕ್ಷಣ ಬೇಕು ಅನಿಸುತ್ತದಾ, ಕೈ ನಡುಗುತ್ತದಾ ಅಂತ ಕೇಳಿ. ಹೌದು ಅಂದರೆ ಅದು ಅವಲಂಬನೆಯ ಗುರುತು. ಬೆಳಗಿನ ಪೆಗ್ ಬಗ್ಗೆ ಆತಂಕ ಅಂದಿದ್ದು ಇದಕ್ಕೇ. ಹಾಗಿದ್ದರೆ ‘ಇವತ್ತಿಂದ ಮುಟ್ಟಬೇಡ’ ಅಂತ ಆಣೆ ಹಾಕಿಸಬೇಡಿ. ದಿನಾ ಜಾಸ್ತಿ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಜೀವಕ್ಕೇ ಅಪಾಯ ಆಗಬಹುದು. ವೈದ್ಯರ ನಿಗಾದಲ್ಲೇ ಬಿಡಿಸಬೇಕು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಊರಲ್ಲಿ ನಾಲ್ಕು ಜನ ನೋಡುತ್ತಾರೆ ಅನ್ನುವ ಸಂಕೋಚ ಇದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರ ಇದೆ. ಮೊದಲು ಫೋನಿನಲ್ಲಿ ಮಾತಾಡಬೇಕು ಅಂದರೆ ಟೆಲಿಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ.

ಆಮೇಲೆ ಅವನೇ ಕಂಪನಿಯ ವೈದ್ಯರಿಗೆ ಹೇಳಲಿ. ಇನ್ನೊಂದು ಪಾಸಿಟಿವ್ ಬಂದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. ಅವನು ಒಪ್ಪದೇ ಹೋದರೆ, ಡ್ಯೂಟಿಗೆ ಮುಂಚಿನ 12 ಗಂಟೆಯೊಳಗೆ ಕುಡಿದಿದ್ದು ನಿಮ್ಮ ಕಣ್ಣಿಗೆ ಬಿದ್ದರೆ, ಆವತ್ತೇ ಕಂಪನಿಗೆ ಫೋನ್ ಮಾಡಿ. ನಿಮ್ಮ ಅಕ್ಕ ಮಾತು ಬಿಡಬಹುದು. ಆದರೂ ಮಾಡಿ.

ಮನೆಯವರಿಗೂ ಒಂದು ಮಾತು. ನಮ್ಮ ಕಡೆ ಮದುವೆ ಮುಗಿದ ರಾತ್ರಿ ‘ಬೇಡ’ ಅಂದವನ ಲೋಟಕ್ಕೂ ಹಾಕುತ್ತೇವೆ. ಪೈಲಟ್ ಆಗಲಿ, ಸೋಗಾನೆಯಲ್ಲಿ ರನ್‌ವೇ ಪಕ್ಕ ಗಾಡಿ ಓಡಿಸುವ ಹುಡುಗ ಆಗಲಿ (ಅವರಿಗೂ ಉಸಿರಿನ ಪರೀಕ್ಷೆ ಬಂದಿದೆ), ನಾಳೆ ಡ್ಯೂಟಿ ಇದೆ ಅಂದರೆ ಹಾಕುವವರೇ ಬಾಟಲಿ ಆಚೆ ಇಡಬೇಕು.

ಅಮಾನತಿನ ಮೂರು ತಿಂಗಳಲ್ಲಿ ಎಷ್ಟು ಕಳೆದಿದೆ ಅಂತ ನೀವು ಬರೆದಿಲ್ಲ. ಉಳಿದಿರುವಷ್ಟೂ ದಿನ ಅವನಿಗೆ ಡ್ಯೂಟಿ ಇಲ್ಲ, ಚಿಕಿತ್ಸೆಗೆ ಬೇಕಾದಷ್ಟು ಸಮಯ ಇದೆ. ಈ ವಾರವೇ ಹೋಗಿ ಮಾತಾಡಿ.